ಚಂದ್ರನಿಗೆ ಹೋದವನೂ ನಮ್ಮ ಮನೆಯ ಕಸವೂ

ಮನುಷ್ಯರು ಚಂದ್ರನಿಗೆ ಹೊರಟಿದ್ದಾರಂತೆ. ಬೆಳಿಗ್ಗೆ ರೇಡಿಯೋದಲ್ಲಿ ನೀವೂ ಕೇಳಿರಬೇಕು. ಅದೇ ಹೊತ್ತಿಗೆ ನನ್ನ ಹೆಂಡತಿ ಕಸ ಹೊಡೆಯತೊಡಗಿದಳು. ಧೂಳು ಮೂಗಿಗೆ ಬಡಿಯಿತು, ಖಾನಾಪುರದ ಕಾಕಾ ನೆನಪಾದ. ಬಂದು ಟೈಪ್ ಯಂತ್ರದ ಮುಂದೆ ಕುಳಿತಿದ್ದೇನೆ. ಮೀಸೆ ಮೂಡಿದ ಮೇಲೆ ಅಕ್ಷರ ಕಲಿತವನು ನಾನು. ಒಂದೊಂದು ಕೀಲಿ ಹುಡುಕುವಷ್ಟರಲ್ಲಿ ನೀವು ಚಹಾ ಕುಡಿದು ಬರಬಹುದು.

ಸಾವಿರದ ಒಂಬೈನೂರ ಇಪ್ಪತ್ತರ ದಶಕ. ತಡವಾಗಿ ಶಾಲೆಗೆ ಸೇರಿದ ನಾನು ಕಾಕಾನ ಮನೆಯಲ್ಲಿದ್ದೆ. ಅವನದು ಹಂಚಿನ ಭಟ್ಟಿಯಲ್ಲಿ ಗುಮಾಸ್ತಿಕೆ, ಮನಸ್ಸೆಲ್ಲ ಆಕಾಶದಲ್ಲಿ. ಚಂದ್ರನಿಗೆ ಹೋಗುವ ಕಥೆಯೊಂದನ್ನು ವರ್ಷವಿಡೀ ಬರೆಯುವೆನೆಂದು ಬೆಳಗಾವಿಯ ಮಾಸಪತ್ರಿಕೆಗೆ ಮಾತು ಕೊಟ್ಟಿದ್ದ. ಹನ್ನೊಂದು ಕಂತು ಬರೀ ಪ್ರಯಾಣ, ಕೊನೆಯದರಲ್ಲಿ ಚಂದ್ರ. ಅದು ಗೆದ್ದರೆ ತಾನು ಸಾಹಿತಿ, ಇಲ್ಲವಾದರೆ ಸಾಯುವ ತನಕ ಹಂಚಿನ ಲೆಕ್ಕ.

ಮೊದಲ ಕಂತನ್ನು ಹೆಂಡತಿಗೆ, ಅಂದರೆ ನನ್ನ ಕಾಕೂಗೆ, ಓದಿ ಹೇಳಿದ.

"ಅಷ್ಟ ದೂರ ಹೊಂಟಾನ, ಬುತ್ತಿ ಎಲ್ಲಿ?" ಎಂದಳು ಕಾಕೂ.

ನಾಯಕನ ಹೆಗಲಿಗೆ ಅವಳದೇ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಏರಿತು. ಅವನು ವಿಮಾನ ಏರಿದ. ಮರುದಿನ ಕಾಕೂ ಕಸಬರಿಗೆ ಮುಟ್ಟಲಿಲ್ಲ. ಮನೆಯವರು ಪರಊರಿಗೆ ಹೊರಟರೆ, ಅವರು ಅಲ್ಲಿ ಹೋಗಿ ಮುಟ್ಟುವ ತನಕ ಅಪಶಕುನವೆಂದು ಅವಳು ಕಸ ಹೊಡೆಯುತ್ತಿರಲಿಲ್ಲ.

"ಅವಾ ಖರೇ ಮನಶ್ಯಾ ಅಲ್ಲ, ನಾ ಬರದ ಕತಿ!" ಎಂದ ಕಾಕಾ.

"ನನ್ನ ಕೈಯಾನ ಬುತ್ತಿ ಒಯ್ದಾನ. ನೀವ ಕಳಿಸೀರಿ, ನೀವ ಮುಟ್ಟಸ್ರಿ."

"ಇನ್ನೂ ಹನ್ನೊಂದ ತಿಂಗಳ ಹಾದಿ ಐತಿ!"

"ಹಂಗಾರ ಕಸಾನೂ ಅಲ್ಲೀತನಾ ಇರ್ಲಿ."

ಭತ್ತದ ಹೊಟ್ಟು ಪಡಸಾಲೆಗೆ ಬಂತು, ಒಲೆಯ ಬೂದಿ ಹಾಸಿಗೆಗೆ ಬಂತು. ನಾನು ನಡೆದ ದಾರಿ ನೆಲದ ಮೇಲೆ ಕಾಲುದಾರಿಯಂತೆ ಕಾಣತೊಡಗಿತು. ಕೊನೆಗೆ ಬಾಜು ಮನೆಯ ಅಜ್ಜಿ ಬಂದಳು.

"ಏನಪಾ, ಆ ಮನಶ್ಯಾನ್ನ ಲಗೂನ ಇಳಸು. ನನ್ನ ಕೋಳಿ ನಿಮ್ಮ ಪಡಸಾಲ್ಯಾಗ ತತ್ತಿ ಇಡಾಕ ಹತ್ಯಾವು!"

ಕಾಕಾ ಹಲ್ಲು ಕಚ್ಚಿಕೊಂಡು ಮೊದಲ ಕಂತಿಗೆ ಒಂದು ಸಾಲು ಸೇರಿಸಿದ: 'ಸಂಜೆಯ ಹೊತ್ತಿಗೆ ಅವನು ಚಂದ್ರನನ್ನು ಮುಟ್ಟಿದ.' ಓದಿ ಮುಗಿಸುವುದರೊಳಗೆ ಕಾಕೂ ಕಸಬರಿಗೆ ಹಿಡಿದಿದ್ದಳು. ಉಳಿದ ಹನ್ನೊಂದು ಕಂತು ನಾಯಕ ಚಂದ್ರನ ಮೇಲೆ ತಿರುಗಾಡುತ್ತ ರೊಟ್ಟಿ ತಿಂದ.

ಕಾಕಾ ತನ್ನ ಕಥೆ ಕೆಟ್ಟಿತೆಂದೇ ತಿಳಿದಿದ್ದ. ಆದರೆ ಬೆಳಗಾವಿಯ ಓದುಗರು ಬೆರಗಾದರು: ಇಂಥ ವೇಗವನ್ನು ಯಾರೂ ಊಹಿಸಿರಲಿಲ್ಲವಂತೆ! ಕಾಕಾ ಸಾಹಿತಿಯಾದ. ಮುಂದೆ ಮಂಗಳಕ್ಕೂ ಶನಿಗೂ ಜನರನ್ನು ಕಳಿಸಿದ. ಅಲ್ಲಿ ಮುಟ್ಟುವುದಕ್ಕೆ ಒಬ್ಬರೂ ದೀಪ ಹಚ್ಚುವ ಹೊತ್ತು ಮೀರಲಿಲ್ಲ.

ಇಷ್ಟು ಟೈಪ್ ಮಾಡುವುದರೊಳಗೆ ಸಂಜೆಯಾಯಿತು. ಹೆಂಡತಿ ಮತ್ತೆ ಕಸಬರಿಗೆ ಎತ್ತಿದಳು.

"ತಡಿ. ಚಂದ್ರನಿಗೆ ಹೊಂಟವರು ಇನ್ನೂ ಮುಟ್ಟಿಲ್ಲ," ಎಂದೆ. ನನ್ನ ಬಾಯಿಂದ ಈ ಮಾತೇ ಬಂದದ್ದು ನನಗೂ ಆಶ್ಚರ್ಯ.

"ಎಷ್ಟ ದಿನದ ಹಾದಿ?"

"ಮೂರ್ನಾಲ್ಕ ದಿನ ಅಂತ."

ಅವಳು ರೇಡಿಯೋದತ್ತ ಕನಿಕರದಿಂದ ನೋಡಿದಳು. "ಅಷ್ಟ ದಿನಾ? ನಿಮ್ಮ ಕಾಕಾ ಸಂಜೀಕ ಮುಟ್ಟಸ್ತಿದ್ರಲ್ರೀ," ಎನ್ನುತ್ತ ಕಸಬರಿಗೆಯನ್ನು ಬಾಗಿಲ ಹಿಂದೆ ನಿಲ್ಲಿಸಿದಳು.