ಮೇಷ್ಟ್ರ ‘ಹ’ಕಾರ

ತಿ. ನರಸೀಪುರದ ಚಿಕ್ಕಬಸಪ್ಪ ಮೇಷ್ಟ್ರು ನಲವತ್ತು ವರ್ಷ ದುಡಿದದ್ದೆಲ್ಲ ಒಂದೇ ಅಕ್ಷರಕ್ಕಾಗಿ, ಅದು ‘ಹ’. ನಮ್ಮ ಕಡೆಯ ನಾಲಗೆ ಹಳ್ಳಿಯನ್ನೂ ‘ಅಳ್ಳಿ’ ಮಾಡಿಬಿಡುತ್ತದಲ್ಲ, ಅದಕ್ಕೆ. ಅವರು ಬೋರ್ಡಿನ ಮುಂದೆ ನಿಂತು ‘ಹ’ ಎಂದರೆ ನಂಜನಗೂಡಿನಲ್ಲಿ ಹಚ್ಚಿಟ್ಟ ದೀಪ ಆರುತ್ತಿತ್ತು, ಬೇಕಾದರೆ ಅಲ್ಲಿಯವರನ್ನೇ ಕೇಳಿ. ಮದುವೆಮನೆಯಲ್ಲಿ ಯಾರಾದರೂ ‘ಓಳಿಗೆ’ ತಂದರೆ ಎಲೆಗೆ ಕೈ ಅಡ್ಡ ಹಿಡಿದು, “ಹೋಳಿಗೆ ಇದ್ರೆ ಹಾಕಿ” ಎನ್ನುವರು. ಮನೆಯಲ್ಲಿ ಮಾತ್ರ ಹೆಂಡತಿ ರುದ್ರಮ್ಮ ಇಂದಿಗೂ “ಆಲು ಉಕ್ತು” ಅಂತಲೇ ಕೂಗುತ್ತಾರೆ. ಈಚೆಗೆ ಮೇಷ್ಟ್ರಿಗೆ ಮರೆವು. ಈ ಸಲದ ಗುರುಪೂರ್ಣಿಮೆಗೆ ಹಳೆಯ ಶಿಷ್ಯರು ಸಾಲಾಗಿ ಬಂದು, ಮೇಷ್ಟ್ರು ಮೆಚ್ಚಲೆಂದು “ಹುಣ್ಣಿಮೆಯ ಹಾರ್ದಿಕ ಶುಭಾಶಯ” ಎಂದು ಸ್ವಚ್ಛವಾಗಿ ನುಡಿದರು. ಮೇಷ್ಟ್ರು ಕಕ್ಕಾಬಿಕ್ಕಿ. “ಯಾರೇ ಇವ್ರೆಲ್ಲ? ಬ್ಯಾಂಕಿನೋರಾ?” “ನಿಮ್ತಾವ ಓದಿದ್ ಐಕ್ಳೇ ಕಣ್ರೀ! ಎಸ್ರೇಳಿ ನೋಡವ,” ಎಂದರು ರುದ್ರಮ್ಮ. ಒಂದು ಹೆಸರೂ ಬಾಯಿಗೆ ಬರಲಿಲ್ಲ. ತಾಂಡ್ಯದ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿರುವ ದೇವರಾಜು ಸಾಲಿನಿಂದ ಮುಂದೆ ಬಂದ. ಅಕ್ಷರ ಕಲಿಸಿದವರ ಕಣ್ಣಿಗೇ ತಾನು ಯಾರೋ ಆಗಿಬಿಟ್ಟೆನಲ್ಲ! ಕಾಲಿಗೆ ಬಿದ್ದವನು ಹಾಗೆಯೇ ತಲೆಯೆತ್ತಿ ಅಂದ: “ಉಣ್ಣಿಮೆಗೆ ಅಣ್ಣು ತಂದಿವ್ನಿ, ಸಾ.” ಮೇಷ್ಟ್ರ ಕೈ ತಾನಾಗಿ ಅವನ ಕಿವಿಗೆ ಹೋಯಿತು. “ಲೇ ದೇವ್ರಾಜ! ಅಣ್ಣು ಅಲ್ಲ ಕಣ್ಲಾ, ಹಣ್ಣು! ಎಲ್ಲಿ, ಹೇಳು?” ಕಿವಿ ಕೆಂಪಗಾಗುತ್ತಿದ್ದ ದೇವರಾಜು, ಮೇಷ್ಟ್ರು ಎಲ್ಲಿ ಕೈ ಬಿಟ್ಟುಬಿಡುವರೋ ಎಂದು ಹೆದರಿ, ಮತ್ತೆ “ಅಣ್ಣು, ಸಾ” ಎಂದ.