ಮುಷ್ಟಿಯೊಳಗಿನ ಐದು ಕಾಳು

ಉಮರಗಾದ ಬಜಾರದಾಗ ಜಯಮಾಲಾ ಅಂದ್ರ ಅರಿವಿ ಅಂಗಡಿ ಸಿದ್ಧೇಶ್ವರಪ್ಪನ ಹೇಣ್ತಿ. ಊರಿಗೆ ಗೊತ್ತಿದ್ದದ್ದು ಇಷ್ಟೇ. ನಲವತ್ತು ದಾಟಿದ ಮ್ಯಾಲ ಆಕಿಗೆ ಕಥಿ ಬರಿಯೋ ಹುಚ್ಚು ಹಿಡಿದದ್ದು ಸೀರಿ ಮಡಿಕಿಯೊಳಗಿನ ರಟ್ಟುಗಳಿಗೆ ಮಾತ್ರ ಗೊತ್ತಿತ್ತು. ಅದರ ಮ್ಯಾಲೇ ಬರೀತಿದ್ದಳು.

ಕಲಿಸೋರು ಯಾರೂ ಇರಲಿಲ್ಲ. ಮಧ್ಯಾಹ್ನ ಗಿರಾಕಿ ಇರದ ಹೊತ್ತಿನಾಗ, ಹೊಸ ಅರಿವಿಯ ಗಂಜಿ ವಾಸನಿಯೊಳಗ, ಅರ್ಧ ಕಣ್ಣು ಮುಚ್ಚಿ ಕುಂಡ್ರುವಾಕಿ. ಮುಂಜಾನಿ ಹಸರು ಸೀರಿ ಒಯ್ದ ಹೆಣ್ಮಗಳ ಬೆನ್ನ ಹಿಂದ ಮನಸಿನಾಗೇ ನಡೀತಿದ್ದಳು. ಆಕಿ ಯೆಣೆಗೂರದಾಗ ಬಸ್ ಇಳೀತಾಳ, ಸೀರಿ ಉಟ್ಟು ಅಂಗಳಕ್ಕ ಬರ್ತಾಳ, ಯಾರೋ ನೋಡಿ ಏನೋ ಅಂತಾರ. ಏನಂದ್ರು ಅಂತ ತಿಳಿಯೋತನಕ ಜಯಮಾಲಾ ಕಣ್ಣು ತೆರೀತಿರಲಿಲ್ಲ. "ನಿದ್ದಿ ಹತ್ತೇದೇನ?" ಅಂತ ಗಂಡ ಕೇಳಿದ್ರ "ಹೌದ್ರಿ" ಅಂದುಬಿಡ್ತಿದ್ದಳು. ಸುಳ್ಳು ಹೇಳೋದು ಈ ವಿದ್ಯಾದ ಮೊದಲನೇ ಪಾಠ, ಅಲ್ಲೇನ್ರಿ?

ಪೇಪರ್ ಓದಾಕ ಅಂಗಡಿಗೆ ಬರೋ ಕಾಶೆಪ್ಪ ಗುರೂಜಿ ಕೈಗೆ ಒಮ್ಮೆ ಒಂದು ರಟ್ಟು ಸಿಕ್ಕಿತು. ಓದಿ, ಚಸ್ಮಾ ಒರಸಿಕೊಂಡು ಅಂದರು: "ಬಾಯಾರ, ಕಥಿ ಮುಗಿಸಬಾರದ್ರಿ. ಬಾಗಲಾ ತೆರೆದು ಬಿಟ್ಟುಬಿಡ್ರಿ. ಓದೋರು ಅತ್ತುಕೋತ ಹೋಗಲಿ." ಗುರೂಜಿ ಮಾತು ಅಂದ್ರ ಮಾತು. ಜಯಮಾಲಾ ಎಲ್ಲಾ ಕಥಿಗಳ ಬಾಲ ಕತ್ತರಿಸಿ ಒಗೆದಳು.

ಆಕಿ ಅತ್ತಿ ಶಿವಗಂಗಾಬಾಯಿ, ಉದಗೀರದ ಮಗಳು. ಶ್ರಾವಣ ಸೋಮವಾರ ಹಗಲೆಲ್ಲಾ ಉಪಾಸ ಇದ್ದು, ದೀಪ ಹಚ್ಚೋ ಹೊತ್ತಿಗೆ ಲಿಂಗಪೂಜಾ ಮಾಡಿ, ಒಂದು ಕಹಾಣಿ, ಅಂದ್ರ ವ್ರತದ ಕಥಿ, ಹೇಳೋದು ಆಕಿಯ ನೇಮ. ಕೇಳೋರು ಮುಷ್ಟಿಯಾಗ ಐದು ಜ್ವಾಳದ ಕಾಳು ಹಿಡಿದು "ಹೂಂ, ಹೂಂ" ಅನ್ನಬೇಕು. ಕಹಾಣಿ ಮುಗಿದ ಮ್ಯಾಲ ಕಾಳು ದೇವರ ಮುಂದ ಇಟ್ಟು ಊಟಕ್ಕ ಏಳಬೇಕು. ಮುಗಿಯದ ಕಹಾಣಿಗೆ ಕಾಳು ಇಡಂಗಿಲ್ಲ, ತುತ್ತು ಎತ್ತಂಗಿಲ್ಲ.

ಈ ವರ್ಷ ಅತ್ತಿಗೆ ಗಂಟಲ ಕಟ್ಟಿತ್ತು. "ಜಯಾ, ಈ ಸಲ ನೀ ಹೇಳು, ನಾ ಹೂಂ ಅಂತೀನಿ" ಅಂದಳು.

ಜಯಮಾಲಾಗ ತನ್ನದೇ ಒಂದು ಕಥಿ ಹೇಳಬೇಕಂತ ಆಸೆ ಹುಟ್ಟಿತು, ಶುರು ಮಾಡಿದಳು. ನಾಗರ ಪಂಚಮಿಗೆ ತವರಿಗೆ ಕರಿಯಾಕ ಬರೋ ತಮ್ಮನ ದಾರಿ ನೋಡ್ತಾ ಒಬ್ಬ ಅಕ್ಕ ಹೊಸ್ತಿಲದಾಗ ನಿಂತಾಳ. ಉಂಡಿ ಕಟ್ಟಿಟ್ಟಾಳ, ಚೀಲ ತುಂಬಿಟ್ಟಾಳ. ಬಸ್ಸು ಬರ್ತಾವ, ಹೋಗ್ತಾವ. ತಮ್ಮ ಬರಲಿಲ್ಲ. ಬಾಗಲಾ ತೆರೆದೇ ಇತ್ತು. ಅಷ್ಟಕ್ಕ ನಿಲ್ಲಿಸಿಬಿಟ್ಟಳು.

ಅತ್ತಿಯ ಹೂಂ ಅರ್ಧಕ್ಕೇ ನಿಂತಿತ್ತು. ಹನ್ನೆರಡು ವರ್ಷದ ಹಿಂದ ಅತ್ತಿಯ ತಮ್ಮ ನಾಗನಾಥ ಉದಗೀರದಿಂದ ಪಂಚಮಿಗೆ ಬರಲಿಲ್ಲ. ಅಂದಿನಿಂದ ಆಕಿ ಅವನ ಹೆಸರು ಎತ್ತಿಲ್ಲ, ಫೋನ್ ಎತ್ತಿಲ್ಲ. ಹೆಸರು ಹೇಳದಿದ್ರ ಅತ್ತಿಗೆ ಎಲ್ಲಿ ತಿಳೀತದ ಅಂದುಕೊಂಡಿದ್ದಳಲ್ಲ ಜಯಮಾಲಾ, ಈ ಶಾಣ್ಯಾಕಿ!

"ಮುಂದ?" ಅಂದಳು ಅತ್ತಿ.

"ಅಷ್ಟೇ ರೀ."

"ಅಷ್ಟೇ ಅಂದ್ರ ಹ್ಯಾಂಗ? ಆಕಿನ್ನ ಹೊಸ್ತಿಲದಾಗ ನಿಲ್ಲಿಸಿ ನಾ ಉಣ್ಣಾಕ ಏಳಲೇನು?" ಅತ್ತಿ ಮುಷ್ಟಿ ಬಿಗಿ ಮಾಡಿದಳು.

ಎಂಬತ್ತರ ಮುದುಕಿ, ಮುಂಜಾನಿಯಿಂದ ಚಹಾ ಬಿಟ್ಟು ಏನೂ ಇಲ್ಲ. ಜಯಮಾಲಾಗ ಜೀವ ಹೋದಂಗಾಯ್ತು. ಗಡಬಡಿಸಿ, "ತಮ್ಮ ಕಾರು ತಗೊಂಡು, ಜರಿ ಸೀರಿ ತಗೊಂಡು ಬಂದ್ರಿ" ಅಂದಳು.

ಹೂಂ ಬರಲಿಲ್ಲ. "ನನ್ನ ಹೊಟ್ಟಿ ಸಲುವಾಗಿ ಸುಳ್ಳು ಹೇಳಬ್ಯಾಡ. ಅಂವಾ ಬಂದಿಲ್ಲ."

ಅಡಗಿಮನಿಯಾಗ ಹುಗ್ಗಿ ಆರ್ತಿತ್ತು. ಜಯಮಾಲಾ ಗುರೂಜಿಯ ಮಾತು ಬಿಟ್ಟಳು, ಕಣ್ಣು ಮುಚ್ಚಿದಳು. ಅಂಗಡಿಯಾಗ ಕುಂತಂಗ ಕುಂತು, ಆ ಅಕ್ಕನ ಬೆನ್ನ ಹಿಂದ ನಿಂತಳು. ನೋಡಿದಳು, ಕಾದಳು. ದೀಪದ ಎಣ್ಣಿ ವಾಸನಿ, ಊದಿನಕಡ್ಡಿ ಹೊಗಿ, ದೂರ ಯಾವುದೋ ಬಸ್ಸಿನ ಸಪ್ಪಳ. ಹೊಸ್ತಿಲದಾಗಿನ ಆಕಿ ನಿಧಾನಕ್ಕ ಬಗ್ಗಿ ಚೀಲ ಎತ್ತಿದಳು.

"ಅಕ್ಕ ತಾನೇ ತವರಿಗೆ ಹೊಂಟಳ್ರಿ."

"...ಹೂಂ."

"ನಿಲಂಗಾದಾಗ ಬಸ್ ಬದಲಿ ಮಾಡಾಕ ಇಳಿದಳು. ಸ್ಟ್ಯಾಂಡಿನ ಬೆಂಚಿನ ಮ್ಯಾಲ ತಮ್ಮ ಕುಂತಿದ್ದ."

"ಹೂಂ."

"ಅಕ್ಕಗಂತ ತಂದಿದ್ದ ಸೀರಿ ಚೀಲ ಉದಗೀರ ಬಸ್ಸಿನಾಗೇ ಮರೆತು ಇಳಿದಿದ್ದ. ಬರಿಗೈಲೆ ಅಕ್ಕನ ಮನಿಗೆ ಹ್ಯಾಂಗ ಹೋಗಲಿ ಅಂತ, ಮುಂದೂ ಹೋಗದ, ಹಿಂದೂ ಹೋಗದ ಕುಂತಿದ್ದ."

ಹೂಂ ಬರಲಿಲ್ಲ. ಜಯಮಾಲಾ ಕಣ್ಣು ತೆರೀಲಿಲ್ಲ, ಹೆದರಿಕಿ.

"ಅಕ್ಕ ಅಂದಳ್ರಿ: ಹುಚ್ಚಾ, ಸೀರಿ ನನ್ನ ಮನಿಯಾಗ ರಗಡ ಅವ. ತಮ್ಮ ಒಬ್ಬನೇ ಅದಾನ. ಉಂಡಿ ಬಿಚ್ಚಿ ಅವನ ಬಾಯಾಗ ಇಟ್ಟಳು. ಇಲ್ಲಿಗೆ ಮುಗೀತ್ರಿ."

ಕಾಳು ತಟ್ಟಿಗೆ ಬಿದ್ದ ಸಪ್ಪಳ ಕೇಳಿಸಿತು. ಕಣ್ಣು ತೆರೆದು ನೋಡ್ತಾಳ, ಐದೂ ಕಾಳು ದೇವರ ಮುಂದ. ಅತ್ತಿ ಸೆರಗಿನಿಂದ ಮುಖ ಒರಸಿಕೊಳ್ಳಾಕ ಹತ್ತಿದ್ದಳು.

"ಹುಗ್ಗಿ ಬಡಸು" ಅಂದಳು. ಎರಡು ತುತ್ತು ಉಂಡಳು. ಮೂರನೇದು ಕೈಯಾಗೇ ಹಿಡಿದು ಕೇಳಿದಳು:

"ಜಯಾ, ನಾಳೆ ಮುಂಜಾನಿ ನಿಲಂಗಾಕ್ಕ ಮೊದಲನೇ ಬಸ್ ಎಷ್ಟಕ್ಕ?"