ಕದ್ವಾಡದವರು ಕುಡಿದ ಕೆಂಪು ಬಿಯರು

ನನ್ನ ಮೈದುನ ಹಡಗಿನಲ್ಲಿ ಅಡುಗೆಯವನು. ನಲವತ್ತು ಹತ್ತಿರವಾದರೂ ಮದುವೆಯಾಗಿರಲಿಲ್ಲ. ಹಡಗಿನವರು ಕುಡಿಯುತ್ತಾರೆಂಬ ಮಾತಿನಿಂದ ಹಿಂದೆ ಬಂದ ಸಂಬಂಧಗಳು ಅರ್ಧಕ್ಕೇ ನಿಂತಿದ್ದವು. ಆ ಸಲ ರಜೆಗೆ ಬಂದಾಗ, ಕಾರವಾರದ ಹತ್ತಿರದ ಕದ್ವಾಡದಿಂದ ಹೆಣ್ಣಿನ ತಂದೆ ಅಂಕೋಲೆಯ ನಮ್ಮ ಮನೆಗೆ ಬರುತ್ತಾರೆಂದು ಗೊತ್ತಾದಾಗಿನಿಂದ ಅತ್ತೆ ಅವನಿಗೆ ಒಂದೇ ಪಾಠ ಹೇಳುತ್ತಿದ್ದರು: "ಕೇಳಿದ್ರೆ ಮುಟ್ಟೂದಿಲ್ಲ ಅನ್ನು. ಅಷ್ಟೇಯ."

ಬಂದವರು ಬಿಣಗಾದ ಕಾರ್ಖಾನೆಯಲ್ಲಿ ಪಾಳಿ ಮಾಡಿ ನಿವೃತ್ತರಾದವರು. ನಮ್ಮ ಜಾತಿಯೇ, ಆದರೆ ಕಾರವಾರದ ಕಡೆ ಮನೆಮಾತು ಕೊಂಕಣಿ, ನಮ್ಮಲ್ಲಿ ಕನ್ನಡ. ನನಗಿದ್ದ ಕೊಂಕಣಿ ಮೀನು ಪೇಟೆಗೆ ಸಾಲುವಷ್ಟು. ಅತ್ತೆಗೂ ಮೈದುನನಿಗೂ ಅಷ್ಟೂ ಇರಲಿಲ್ಲ. ಅವರು ನಮ್ಮ ಸಲುವಾಗಿ ಕನ್ನಡ ಮಾತಾಡಿದರು. ಹುರಿದ ನೊಗಲಿ ಮೀನು ತಿಂದು ಕೈ ತೊಳೆದು ಬಂದು ಕೂತವರು ನೇರವಾಗಿ ಕೇಳಿದರು.

"ಹಡಗಿನ ಮೇಲೆ ಕುಡೂದು ಜಾಸ್ತಿ ಅಂತಾರೆ. ನಿಂದು ಹ್ಯಾಗೆ?"

"ಕುಡೀತೆ," ಎಂದ ಮೈದುನ. "ರುಚಿ ನೋಡೂಕೆ."

ಅತ್ತೆ ಎದ್ದು ಹೋಗಿ, ಮುಚ್ಚಿದ್ದ ಪಾತ್ರೆಗಳನ್ನು ಮತ್ತೊಮ್ಮೆ ಮುಚ್ಚಿದರು.

ಅವನು ಫ್ರಿಜ್ಜಿನಲ್ಲಿ ಹಾಲಿನ ಪಾತ್ರೆಯ ಹಿಂದೆ ಇಟ್ಟಿದ್ದ ಬಾಟಲಿ ತಂದ. ಪರದೇಶದ ಯಾವುದೋ ಬಂದರಿನ ಹತ್ತಿರ ನಾಲ್ಕೈದು ಜನ ಸೇರಿ ನಡೆಸುವ ಸಣ್ಣ ಭಟ್ಟಿಯದಂತೆ. ರೆಡ್ ಏಲ್ ಎಂದು ಹೆಸರು. ಹಾಪ್ಸ್ ಅನ್ನುವ ಬಳ್ಳಿಯ ಹೂವನ್ನು ಧಾರಾಳವಾಗಿ ಹಾಕುತ್ತಾರಂತೆ. ಸ್ಟೀಲ್ ಲೋಟದಲ್ಲಿ ಬಣ್ಣ ಕಾಣುವುದಿಲ್ಲವೆಂದು ಶೋಕೇಸಿನಿಂದ ಎರಡು ಗಾಜಿನ ಲೋಟ ತೆಗೆಸಿದ. ಎರಡಕ್ಕೂ ಸ್ವಲ್ಪ ಸ್ವಲ್ಪ ಹೊಯ್ದ. ಬಿಯರು ಕೆಂಪಗೆ, ಸ್ವಲ್ಪ ಕಂದಾಗಿತ್ತು; ಮೇಲೆ ದಪ್ಪ ನೊರೆ ನಿಂತಿತು.

ಕದ್ವಾಡದವರು ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, "ಕೊಡು," ಎಂದರು.

ಮೈದುನ ಹೊಯ್ದ. ಅವರು ಅವನ ಮುಖ ನೋಡಿ, ಅತಿಥಿಯಾದವರು ಚೆಲ್ಲಬಾರದೆಂದೋ ಏನೋ, ಅದನ್ನೂ ಕುಡಿದು, "ಕೊಡು ರೇ, ಲಯ್ ಕೊಡು," ಎಂದರು. ಲಯ್ ಅಂದರೆ ಬಹಳ ಎಂಬುದು ಮೀನು ಪೇಟೆಯ ಕೃಪೆಯಿಂದ ನನಗೆ ತಿಳಿದಿತ್ತು. "ಬಹಳ ಬೇಕಂತೆ, ಪೂರ್ತಿ ಹೊಯ್ಯಿ," ಎಂದು ಮೈದುನನಿಗೆ ನಾನೇ ಹೇಳಿದೆ. ಬಾಟಲಿ ಬರಿದಾಯಿತು. ಆಮೇಲೆ ಅವನು ತಾನಿನ್ನೂ ಮುಟ್ಟದಿದ್ದ ಲೋಟವನ್ನೂ ಅವರ ಮುಂದೆ ಸರಿಸಿದ. ಅವರು ಅದನ್ನೂ ಮುಗಿಸಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟರು.

ಬಾಟಲಿ ತೊಳೆಯುವ ಮುಂಚೆ ತಳದ ಹನಿಯನ್ನು ಅಂಗೈಗೆ ಹಾಕಿಕೊಂಡು ನೆಕ್ಕಿ ನೋಡಿದೆ. ಮೊದಲು ಸೀದ ಬೆಲ್ಲ. ಹಿಂದೆಯೇ ಎಳೆ ಮಾವಿನಕಾಯಿಯ ಸೊನೆಯ ವಾಸನೆ. ಅದು ಚೆನ್ನಾಗಿತ್ತು. ಆಮೇಲೆ ಕಹಿ. ಹಾಗಲಕಾಯಿಗಾದರೆ ಉಪ್ಪು ಹಚ್ಚಿ ಹಿಂಡಬಹುದು, ಇದಕ್ಕೆ ಅಂಥ ಉಪಾಯವಿರಲಿಲ್ಲ. ಒಂದು ಚೂರು ಕೊಬ್ಬರಿ ಅಗಿದರೂ ನಾಲಿಗೆಯ ಹಿಂಬದಿಯಿಂದ ಅದು ಏಳಲಿಲ್ಲ.

"ಗಂಡು ಕುಡೀತ್ನಾ ಅಂತ ನೋಡೂಕೆ ಬಂದವರು," ಎಂದು ಅತ್ತೆ ಊಟ ಮಾಡದೆ ಕೂತರು. "ತಾವೇ ಬಾಟ್ಲಿ ಖಾಲಿ ಮಾಡಿ ಹೋದ್ರು. ಆ ಮನೆ ಹೆಣ್ಣು ಬ್ಯಾಡ."

"ಅವರು ಬೇಕು ಅಂದ ಮೇಲಲ್ವೇ ಆಯಿ, ನಾವು ಬ್ಯಾಡ ಅನ್ನೂದು," ಎಂದ ಮೈದುನ. ತಮಾಷೆಯಂತೆ ಹೇಳಿದರೂ ಮರುದಿನದಿಂದ ಫೋನಿನ ಹತ್ತಿರವೇ ಪೇಪರ್ ಓದುತ್ತಿದ್ದ.

ಅವನು ಕ್ಷೌರಕ್ಕೆ ಹೋದಾಗ ಫೋನ್ ಬಂತು. ನಾನು ಎತ್ತಿದೆ.

"ಬಾಯೀ, ನಮ್ಮದು ಒಪ್ಪಿಗೆ," ಎಂದರು ಕದ್ವಾಡದವರು. "ಕಹಿ, ಕಹಿ ಅಂತ ನಾ ಹೇಳ್ತಾನೇ ಇದ್ದೆ, ಅಂವ ಹೊಯ್ತಾನೇ ಇದ್ದ. ತನ್ನ ಲೋಟಾ ಸುದ್ದಾ ನಂಗೇ ಕೊಟ್ಟ. ಕುಡುಕ ಇದ್ರೆ ಹಾಗೆ ಮಾಡ್ತಿದ್ನಾ?"

ಅವರು ಕಹಿ ಅಂದದ್ದು ನನಗೆ ನೆನಪಿರಲಿಲ್ಲ. "ಕಹಿಗೆ ನಿಮ್ಮ ಕೊಂಕಣಿಲಿ ಎಂತ ಅಂತಾರೆ?" ಎಂದು ಕೇಳಿದೆ.

"ಕೊಡು."

ಕದ್ವಾಡದವರಿಗೆ ಸಂಬಂಧ ಗಟ್ಟಿಮಾಡಿ ಕಾಯಿ ಒಡೆಯುವ ದಿನ ಗೊತ್ತುಮಾಡುವುದಿತ್ತು. ಗುರುವಾರ ಆಗಬಹುದು ಎಂದು ಹೇಳಿ ಫೋನ್ ಇಟ್ಟೆ.

"ಎಂತ ಅಂತೆ?" ಎಂದರು ಅತ್ತೆ.

"ಒಪ್ಪಿಗೆ ಅಂತೆ. ಅವರು ಕುಡಿಯುವವರಲ್ಲ ಅತ್ತೆ. ಅದು ಅವರಿಗೆ ಕಹಿಯಾಗಿತ್ತಂತೆ."

"ಕಹಿಯಾದ್ರೆ ಬಾಯಿಬಿಟ್ಟು ಹೇಳೂಕೇನಾಗಿತ್ತು?"

"ಹೇಳಿದ್ರಂತೆ," ಎಂದೆ.